ದೊಡ್ಡದ್ರಲ್ಲೇ ತೆಗಿ

ಮನೆಯಲ್ಲಿ ಎರಡು ಕ್ಯಾಮೆರಾ ಇದ್ದರೆ ಎಲ್ಲಿಗೆ ಹೊರಟರೂ ತಡವಾಗುತ್ತದೆ. ಒಂದೇ ಇರುವವರು ಅದನ್ನು ಹೆಗಲಿಗೇರಿಸಿ ನಡೆದುಬಿಡುತ್ತಾರೆ. ಒಂದೂ ಇಲ್ಲದವರು, ಅಂದರೆ ಫೋನೇ ಸಾಕು ಎನ್ನುವ ಪುಣ್ಯವಂತರು, ಅವರಿಗಿಂತ ಮೊದಲೇ ಮುಳ್ಳಯ್ಯನಗಿರಿ ದಾರಿಯ ಕೈಮರದ ಚೆಕ್‌ಪೋಸ್ಟ್ ದಾಟಿರುತ್ತಾರೆ. ದೊಡ್ಡದೋ ಚಿಕ್ಕದೋ ಎಂದು ಬೀರುವಿನ ಬಾಗಿಲು ಹಿಡಿದು ನಿಲ್ಲುವವಳು ನಾನು. ಹೊರಗೆ ಇವರು ಕಾರು ಸ್ಟಾರ್ಟ್ ಮಾಡಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿರುತ್ತಾರೆ. "ಎರಡನ್ನೂ ತಗೊಂಡು ಬಾರೇ" ಎನ್ನುವುದು ಇವರ ಪರಿಹಾರ. ಎರಡನ್ನೂ ಒಯ್ದರೆ ಸಮಸ್ಯೆ ಬೀರುವಿನ ಮುಂದಿನಿಂದ ಬೆಟ್ಟದ ಮೇಲಕ್ಕೆ ವರ್ಗವಾಗುತ್ತದೆ, ಅಷ್ಟೆ.

ದೊಡ್ಡದೆಂದರೆ ನಿಕಾನ್ ಡಿ90. 2008ರಲ್ಲಿ ಬಂದ ಮಾಡೆಲ್. ವಿಡಿಯೋ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಎಂಬ ಹೆಸರು ಅದಕ್ಕಿದೆ. ಡಿಎಸ್‌ಎಲ್‌ಆರ್ ಎಂದರೆ ಲೆನ್ಸ್ ಬದಲಿಸಬಹುದಾದ ದೊಡ್ಡ ಜಾತಿ. ಐದು ನಿಮಿಷಕ್ಕೇ ನಿಂತುಹೋಗುವ ವಿಡಿಯೋ, ಇರಲಿ. ನಾನು ಕೊಳ್ಳುವ ಹೊತ್ತಿಗೆ ಅದು ಇನ್ನೊಬ್ಬರ ಕೈಯಲ್ಲಿ ಪಳಗಿತ್ತು, ಹಿಡಿಯ ರಬ್ಬರು ಅವರ ಬೆರಳಿಗೆ ತಕ್ಕಂತೆ ಸವೆದಿತ್ತು. ಚಿಕ್ಕದು ಕ್ಯಾನನ್ ಪವರ್‌ಶಾಟ್ ಎಸ್95, 2010ರದು. ಕಪ್ಪಗೆ, ಚಪ್ಪಟೆಯಾಗಿ, ಪರ್ಸಿನಲ್ಲಿ ಬಸ್ ಟಿಕೆಟ್ಟಿನ ಜೊತೆ ಸೇರಿಕೊಳ್ಳುವಷ್ಟು. ಬ್ಯಾಟರಿ, ಕಾರ್ಡು ಎಲ್ಲ ಸೇರಿ ಇನ್ನೂರು ಗ್ರಾಂ ಒಳಗೆ. ಡಿ90ಗೆ 18-105 ಲೆನ್ಸ್ ಸಿಕ್ಕಿಸಿ ತೂಗಿದರೆ ಒಂದು ಕೆಜಿ ನೂರು ಗ್ರಾಂ ಚಿಲ್ಲರೆ. ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುವಾಗ ಆ ಚಿಲ್ಲರೆಯೂ ಲೆಕ್ಕಕ್ಕೆ ಬರುತ್ತದೆ. 1,930 ಮೀಟರ್ ಎತ್ತರದ ಬೆಟ್ಟ, ರಾಜ್ಯದಲ್ಲೇ ಎತ್ತರದ್ದು. ಕಾರು ಬಹುಪಾಲು ಮೇಲಕ್ಕೊಯ್ದು ಬಿಟ್ಟರೂ ಕೊನೆಯ ಮೆಟ್ಟಿಲುಗಳನ್ನು ಕಾಲೇ ಹತ್ತಬೇಕು. ಗಾಳಿಗೆ ಕುತ್ತಿಗೆಯ ಪಟ್ಟಿ ಎಳೆಯುತ್ತದೆ, ಕ್ಯಾಮೆರಾ ಎದೆಗೆ ಬಡಿಯುತ್ತದೆ. ಅರ್ಧ ದಾರಿಗೆ "ರೀ, ಸ್ವಲ್ಪ ಹಿಡ್ಕೊಳ್ಳಿ" ಎಂದು ಇವರ ಕೊರಳಿಗೆ ದಾಟಿಸುತ್ತೇನೆ. ಮೇಲೆ ಮುಟ್ಟಿದಾಗ ಮಂಜು ಕವಿದಿದ್ದರೆ ಎರಡು ಕ್ಯಾಮೆರಾದಲ್ಲೂ ಒಂದೇ ಫೋಟೋ ಬರುತ್ತದೆ: ಬಿಳಿ. ಫೋಕಸ್ ಹಿಡಿಯಲು ಎರಡಕ್ಕೂ ಏನಾದರೊಂದು ಗೆರೆ, ಅಂಚು ಬೇಕು. ಮಂಜಿನಲ್ಲಿ ಅಂಚೆಲ್ಲಿಂದ ಬರಬೇಕು? ದೊಡ್ಡದು ಗುರ್ ಗುರ್ ಎಂದು ಹುಡುಕಿ ಸೋಲುತ್ತದೆ, ಚಿಕ್ಕದು ಸದ್ದಿಲ್ಲದೆ ಸೋಲುತ್ತದೆ.

ಭಾರದ ಮಾತು ಬಂದಾಗಲೆಲ್ಲ ನಾನು ಸ್ಟೀವನ್ ಸ್ಯಾಸನ್ ಅವರನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತೇನೆ. 1975ರಲ್ಲಿ ಕೊಡಾಕ್ ಕಂಪನಿಯ ಈ ಎಂಜಿನಿಯರ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಮೂರೂವರೆ ಕೆಜಿಗೂ ಮೇಲೆ ತೂಗುತ್ತಿತ್ತು. ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಚಿತ್ರವೂ ಉದ್ದಕ್ಕೆ ನೂರು, ಅಗಲಕ್ಕೆ ನೂರು ಚುಕ್ಕಿ, ಒಟ್ಟು ಹತ್ತು ಸಾವಿರ. ನನ್ನ ಚಿಕ್ಕದರಲ್ಲಿ ಒಂದು ಕೋಟಿ ಚುಕ್ಕಿ, ದೊಡ್ಡದರಲ್ಲಿ ಒಂದೂಕಾಲು ಕೋಟಿಗೆ ಸ್ವಲ್ಪ ಕಮ್ಮಿ. ಈ ಕೋಟಿಗಳ ಲೆಕ್ಕ ಕೇಳಿದವರು ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ ಅಂದುಕೊಳ್ಳುತ್ತಾರೆ. ವ್ಯತ್ಯಾಸ ಇರುವುದು ಚುಕ್ಕಿ ಕೂತಿರುವ ಜಾಗದಲ್ಲಿ. ದೊಡ್ಡದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಬಿಲ್ಲೆ, 23.6 ಮಿಲಿಮೀಟರ್ ಉದ್ದ, 15.8 ಅಗಲ. ಚಿಕ್ಕದರದ್ದು ಏಳೂವರೆಗೆ ಐದೂವರೆ, ಕಿರುಬೆರಳ ಉಗುರಿನಷ್ಟು. ದೊಡ್ಡದರ ಜಾಗ ಇಂಥ ಒಂಬತ್ತರಷ್ಟು. ಸಂಜೆಯಾಗುತ್ತಿದ್ದ ಹಾಗೆ ಈ ಒಂಬತ್ತರ ಲೆಕ್ಕ ಫೋಟೋದಲ್ಲಿ ಕಾಣತೊಡಗುತ್ತದೆ: ಚಿಕ್ಕದರಲ್ಲಿ ನೆರಳಿರುವ ಕಡೆಯೆಲ್ಲ ಸಣ್ಣ ರವೆ ಚೆಲ್ಲಿದಂತಾಗುತ್ತದೆ.

ದೊಡ್ಡದರ ಹೊಟ್ಟೆಯಲ್ಲಿ ಒಂದು ಕನ್ನಡಿಯಿದೆ. ಲೆನ್ಸಿನಿಂದ ಬಂದ ಬೆಳಕನ್ನು ಆ ಕನ್ನಡಿ ಮೇಲಕ್ಕೆ ತಿರುಗಿಸುತ್ತದೆ, ನೆತ್ತಿಯ ಗೂನಿನಲ್ಲಿ ಕೂತ ಗಾಜಿನ ಗಟ್ಟಿ ಅದನ್ನು ಮಗುಚಿ ನೆಟ್ಟಗೆ ಮಾಡಿ ಕಣ್ಣಿಗೆ ಕೊಡುತ್ತದೆ. ಬಟನ್ ಒತ್ತಿದೊಡನೆ ಕನ್ನಡಿ ಎದ್ದು ದಾರಿ ಬಿಡುತ್ತದೆ, ಬೆಳಕು ಸೆನ್ಸರಿಗೆ ಹೋಗುತ್ತದೆ, ಕನ್ನಡಿ ಮತ್ತೆ ಬೀಳುತ್ತದೆ. ಆ 'ಟಪಕ್' ಸದ್ದು ಇದರದ್ದೇ. ಇದರಲ್ಲೊಂದು ತಮಾಷೆಯಿದೆ. ಕನ್ನಡಿ ಎದ್ದಾಗ ಕಣ್ಣಿಟ್ಟು ನೋಡುವ ಕಿಂಡಿ ಕತ್ತಲಾಗುತ್ತದೆ. ಅಂದರೆ ಫೋಟೋದಲ್ಲಿ ಉಳಿಯುವ ಆ ಗಳಿಗೆಯನ್ನು ಅಲ್ಲಿದ್ದವರೆಲ್ಲ ನೋಡಿರುತ್ತಾರೆ, ತೆಗೆಯುವವಳೊಬ್ಬಳ ಹೊರತು. ಅದರ ಹಿಂದಿನ ಗಳಿಗೆ ನನ್ನದು, ಮುಂದಿನದೂ ನನ್ನದು.

ಚಿಕ್ಕದಕ್ಕೆ ಕಿಂಡಿಯೂ ಇಲ್ಲ, ಕನ್ನಡಿಯೂ ಇಲ್ಲ. ಕೈ ಮುಂದೆ ಚಾಚಿ ಹಿಂದಿನ ಪರದೆ ನೋಡಿಕೊಂಡು ಒತ್ತಬೇಕು, ಮಂಗಳಾರತಿ ತಟ್ಟೆ ಹಿಡಿದವರ ಭಂಗಿ. ಬಿಸಿಲಲ್ಲಿ ಪರದೆ ಕಾಣುವುದಿಲ್ಲ. ಲೆನ್ಸನ್ನು ಹಿಂದೆ ಮುಂದೆ ಓಡಿಸಿ ಎಲ್ಲಿ ಚೂಪಾಯಿತು ಎಂದು ನೋಡಿ ಫೋಕಸ್ ಮಾಡುವ ಜಾತಿಯಾದ್ದರಿಂದ ಒಂದು ಚಣ ತಡ. ಮಗು ಮೇಣದಬತ್ತಿ ಊದುವಾಗ ಒತ್ತಿದರೆ ಹೊಗೆ ಸಿಗುತ್ತದೆ. ಹಕ್ಕಿಯ ಮಾತಂತೂ ಬೇಡ. ಹಿರೇಕೊಳಲೆ ಕೆರೆಯ ದಂಡೆಯಲ್ಲಿ ಮಿಂಚುಳ್ಳಿ ಕೂತಿದ್ದ ಕೊಂಬೆಗಳ ಒಳ್ಳೊಳ್ಳೆ ಚಿತ್ರಗಳು ನನ್ನ ಚಿಕ್ಕದರಲ್ಲಿವೆ.

ಇಷ್ಟು ಹೇಳಿದ ಮೇಲೆ ದೊಡ್ಡದೇ ಗೆದ್ದಿತು ಅನ್ನಿಸಬಹುದು. ಅಂಥವರು ಮಾರ್ಚ್ ಏಪ್ರಿಲ್‌ನಲ್ಲಿ ಒಮ್ಮೆ ಆಲ್ದೂರು ಕಡೆಗೆ ಬರಬೇಕು, ಅಲ್ಲಿ ನಮ್ಮಣ್ಣನ ತೋಟವಿದೆ. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಗಿಡ ಅರಳುತ್ತದೆ. ಮಳೆ ಕೈಕೊಟ್ಟ ವರ್ಷ ರೊಬಸ್ಟಾ ಜಾತಿಯ ಕಾಫಿ ಬೆಳೆಯುವವರು ಸ್ಪ್ರಿಂಕ್ಲರ್ ಹಾಕಿ ಅರಳಿಸುತ್ತಾರೆ. ಬೆಳಿಗ್ಗೆ ಎದ್ದರೆ ರಾತ್ರಿ ಯಾರೋ ಗಿಡಗಳ ಮೇಲೆ ಮಂಡಕ್ಕಿ ಸುರಿದು ಹೋಗಿದ್ದಾರೆ ಅನ್ನಬೇಕು, ಗೆಣ್ಣುಗೆಣ್ಣಿಗೆ ಬೆಳ್ಳಗೆ. ಮಲ್ಲಿಗೆಯಂಥದೇ, ಅದಕ್ಕಿಂತ ತುಸು ಭಾರವಾದ ವಾಸನೆ ಕಣದವರೆಗೂ ಬರುತ್ತದೆ. ಮೂರು ನಾಲ್ಕು ದಿನ, ಆಮೇಲೆ ಕಂದು ತಿರುಗಿ ಉದುರುತ್ತದೆ. ಅಣ್ಣನಿಗೆ ಆ ದಿನಗಳಲ್ಲಿ ಹೂವು ಕಾಣುವುದಿಲ್ಲ, ಆಕಾಶವಷ್ಟೇ ಕಾಣುತ್ತದೆ. ಮುಂದಿನ ಬ್ಯಾಕಿಂಗ್ ಮಳೆ ಹೊತ್ತಿಗೆ ಬಂದರೆ ಕಾಯಿ, ಇಲ್ಲದಿದ್ದರೆ ಸಾಲ. ಹೂವು ನೋಡುವ ಪುರುಸೊತ್ತು ಮದುವೆಯಾಗಿ ಹೊರಗೆ ಹೋದ ತಂಗಿಯರಿಗೆ.

ಆ ಹೂಗೊಂಚಲಿನ ಹತ್ತಿರ ಹೋಗಲು ದೊಡ್ಡದು ಬಿಡುವುದಿಲ್ಲ. ನನ್ನ 18-105 ಲೆನ್ಸ್ 45 ಸೆಂಟಿಮೀಟರ್‌ಗಿಂತ ಹತ್ತಿರದ್ದನ್ನು ನೋಡಲೊಲ್ಲದು. ಮೊಳ ದೂರ ನಿಂತು ಒಂದು ಕೇಸರಕ್ಕೆ ಫೋಕಸ್ ಕೊಟ್ಟರೆ ಅದರ ಪಕ್ಕದ ಎಸಳು ಆಗಲೇ ಮಸುಕು. ಚಿಕ್ಕದನ್ನು ಮ್ಯಾಕ್ರೋಗೆ ಹಾಕಿದರೆ ಐದು ಸೆಂಟಿಮೀಟರ್‌ವರೆಗೆ ಮೂತಿ ಚಾಚುತ್ತದೆ. ಸೆನ್ಸರ್ ಪುಟ್ಟದಾದ್ದರಿಂದ ಅದಕ್ಕೆ ಮುಂದಿನದೂ ಚೂಪು, ಹಿಂದಿನದೂ ಚೂಪು. ಗೊಂಚಲಿನ ಒಂದೊಂದು ಹೂವೂ ಬರುತ್ತದೆ, ಹೂವಿನೊಳಗೆ ತಲೆ ತೂರಿಸಿದ ತುಡುವೆ ಜೇನಿನ ಹಿಂಗಾಲಿಗೆ ಮೆತ್ತಿದ ಪರಾಗದ ಉಂಡೆಯೂ ಬರುತ್ತದೆ, ಹಿಂದೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಇದು ಮೆಣಸು ಎಂದು ಗುರುತು ಹಿಡಿಯುವಂತಿರುತ್ತದೆ. ಫೋಟೋಗ್ರಫಿ ಕಲಿತವರು ಇದನ್ನು ಮೆಚ್ಚುವುದಿಲ್ಲ. ಅವರಿಗೆ ಹಿಂದಿನದೆಲ್ಲ ಬೆಣ್ಣೆಯಾಗಿ ಕರಗಿಹೋಗಬೇಕು. ಇವರೆಲ್ಲ ಸೇರಿ ಮಸುಕಿಗೆ ಇಷ್ಟು ಬೆಲೆ ಕಟ್ಟಿದ್ದು ಯಾವಾಗಿನಿಂದಲೋ! ಕಾಫಿ ತೋಟದ ಚಿತ್ರದಲ್ಲಿ ಮೆಣಸಿನ ಬಳ್ಳಿ ಕರಗಿಹೋದರೆ ನಮ್ಮಣ್ಣ ಆ ಚಿತ್ರವನ್ನು ತನ್ನ ತೋಟದ್ದೆಂದು ಒಪ್ಪುವುದಿಲ್ಲ. ಕಳೆದ ವರ್ಷ ಕಾಫಿಗಿಂತ ಮೆಣಸೇ ಅವನ ಕೈ ಹಿಡಿದಿದ್ದು.

ಬೇಲೂರಿಗೆ ಹೋದರೆ ತಕ್ಕಡಿ ಇನ್ನೊಮ್ಮೆ ವಾಲುತ್ತದೆ. ನಮ್ಮೂರಿಂದ ಮುಕ್ಕಾಲು ಗಂಟೆ ದಾರಿ, ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುವ ಜಾಗ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ನೆಂಟರಲ್ಲದವರೂ ಜಾಸ್ತಿಯಾಗಿದ್ದಾರೆ. ಟ್ರೈಪಾಡ್ ಬೇಕೆಂದರೆ ಮೊದಲೇ ಅನುಮತಿ ಪಡೆಯಬೇಕು, ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ಅಡ್ಡಿಯಿಲ್ಲ. ಕೊರಳಲ್ಲಿ ದೊಡ್ಡದನ್ನು ಹಾಕಿಕೊಂಡು ಒಳಗೆ ಹೋದ ಹೆಂಗಸನ್ನು ಜನ ಸುಮ್ಮನೆ ಬಿಡುವುದಿಲ್ಲ. "ಮೇಡಂ, ಯಾವ ಪೇಪರ್ರು?" ಎಂದು ಕೇಳಿದವರಿದ್ದಾರೆ. ಪಕ್ಕದಲ್ಲಿ ಬ್ಯಾಗು ಹಿಡಿದು ನಿಂತ ಇವರನ್ನು ಅಸಿಸ್ಟೆಂಟ್ ಅಂದುಕೊಂಡು, "ಸರ್, ಮೇಡಂಗೆ ಹೇಳಿ, ನಮ್ಮ ಊರಿನ ರಸ್ತೆ ಬಗ್ಗೆಯೂ ಸ್ವಲ್ಪ ಹಾಕಲಿ" ಎಂದು ಶಿಫಾರಸು ಕೇಳಿದ ಹಿರಿಯರೂ ಇದ್ದಾರೆ. ಇವರು ಗಂಭೀರವಾಗಿ ತಲೆಯಾಡಿಸಿ "ಹೇಳ್ತೀನಿ" ಅಂದರು. ಅದೇ ಜಾಗದಲ್ಲಿ ಚಿಕ್ಕದನ್ನು ಹಿಡಿದು ನಿಂತ ದಿನ ಒಬ್ಬ ಹುಡುಗಿ ತನ್ನ ಫೋನು ಕೊಟ್ಟು, "ಆಂಟಿ, ನಮ್ದೊಂದು ತೆಗೀತೀರಾ?" ಅಂದಳು.

ಚೆನ್ನಕೇಶವನ ಗುಡಿ ಕಟ್ಟಿಸಿದ್ದು ವಿಷ್ಣುವರ್ಧನ, 1117ರಲ್ಲಿ. ಒಟ್ಟು ನಲವತ್ತೆರಡು ಮದನಿಕೆಯರು, ಹೆಚ್ಚಿನವರೆಲ್ಲ ಹೊರಗೆ ಸೂರಿನ ಕೆಳಗೆ ಓರೆಯಾಗಿ ವಾಲಿಕೊಂಡಿರುವವರು. ಅಷ್ಟೆತ್ತರದಲ್ಲಿರುವವರ ಬೆರಳ ಉಂಗುರ ಕಾಣಬೇಕಾದರೆ ದೊಡ್ಡದರ ಜೂಮೇ ಬೇಕು. ದರ್ಪಣ ಸುಂದರಿಯ ಮುಂದೆ ನಿಂತಾಗ ಮಾತ್ರ ನನಗೆ ಒಳಗೊಳಗೇ ನಗು ಬರುತ್ತದೆ. ಒಂಬೈನೂರು ವರ್ಷದಿಂದ ಕನ್ನಡಿ ನೋಡಿಕೊಳ್ಳುತ್ತಾ ನಿಂತವಳನ್ನು ನೋಡಲು ನಾನೂ ಹೊಟ್ಟೆಯಲ್ಲಿ ಕನ್ನಡಿ ಇರುವ ಪೆಟ್ಟಿಗೆಯನ್ನೇ ಹೊತ್ತು ಹೋಗಿರುತ್ತೇನೆ. ಚಿಕ್ಕದಕ್ಕೆ ಅವಳ ಹತ್ತಿರ ಅಂಥ ಬಾದರಾಯಣ ಸಂಬಂಧವೂ ಇಲ್ಲ.

ಒಳಗೆ ನವರಂಗದ ಕತ್ತಲಲ್ಲಿ ಏನಾಗುತ್ತದೆ ಎನ್ನುವುದು ಲೆಕ್ಕದ ಮೇಷ್ಟ್ರುಗಳು ಬಿಡಿಸಬೇಕಾದ ಪ್ರಶ್ನೆ. ದೊಡ್ಡದರ ಲೆನ್ಸು ಎಷ್ಟು ಬಾಯಿ ತೆರೆದರೂ ಎಫ್3.5. ಈ ಅಂಕಿ ಇಳಿದಷ್ಟೂ ಬಾಯಿ ಅಗಲ. ಚಿಕ್ಕದು ಎಫ್2ಕ್ಕೆ ತೆರೆಯುತ್ತದೆ, ಮೂರು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹಿಂದೆ ಕೂತ ಸೆನ್ಸರ್ ಒಂಬತ್ತು ಪಟ್ಟು ಚಿಕ್ಕದು, ಮುಂದಿನ ಬಾಗಿಲು ಮೂರು ಪಟ್ಟು ಧಾರಾಳ. ಕಳೆದು ಕೂಡಿಸಿ ನೋಡಿದರೆ ಸೋಲು ನಾವಂದುಕೊಂಡಷ್ಟು ದೊಡ್ಡದಲ್ಲ. ನಾನು 50 ಎಂಎಂ ಎಫ್1.8 ಲೆನ್ಸ್ ಹಾಕಿದೆನೋ, ಲೆಕ್ಕವೇ ಮುಗಿಯಿತು. ಡಿ90ರ ಬಾಡಿಯಲ್ಲೇ ಫೋಕಸ್ ಮೋಟಾರ್ ಇರುವುದರಿಂದ ಒಳಗೆ ಮೋಟಾರಿಲ್ಲದ ಹಳೆಯ ಅಗ್ಗದ 50 ಕೂಡ ಅದರಲ್ಲಿ ತಾನಾಗಿ ತಿರುಗುತ್ತದೆ. ಗೈಡು ಟಾರ್ಚ್ ಬಿಟ್ಟು ತೋರಿಸಿದ ಗಳಿಗೆಯಲ್ಲಿ ಕಡೆದ ಕಂಬದ ಬಳೆಗಳು ಒಂದರ ಮೇಲೊಂದು ಮಿನುಗುತ್ತವಲ್ಲ, ಆ ಮಿನುಗು ದೊಡ್ಡದರಲ್ಲೇ ಸಿಕ್ಕಿದ್ದು.

ಮಳೆಗಾಲದಲ್ಲಿ ಎರಡೂ ನನ್ನ ಕೈಗೆ ಸಿಗುವುದು ಕಮ್ಮಿ. ಪುನರ್ವಸು, ಪುಷ್ಯ ಹಿಡಿದು ಕೂತರೆ ಮಲೆನಾಡಿನಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಲೆನ್ಸಿನ ಒಳಗಾಜಿಗೂ ಬೂಷ್ಟು. ಟಾರ್ಚ್ ಹಿಡಿದು ನೋಡಿದರೆ ಒಳಗೆ ಬೇರು ಬಿಟ್ಟು ಹರಡಿರುತ್ತದೆ. ಹಾಗೇ ಬಿಟ್ಟರೆ ಗಾಜಿನ ಲೇಪವನ್ನೇ ತಿಂದುಹಾಕುತ್ತದೆ. ಇದಕ್ಕೆ ನಮ್ಮ ಕಡೆ ಮನೆಗೊಂದು ಔಷಧಿ. ಕೆಲವರು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಾರೆ. ಅಕ್ಕಿಯ ಧೂಳು ಲೆನ್ಸಿನ ಉಂಗುರದ ಸಂದಿಗೆ ಸೇರುತ್ತದೆ ಎನ್ನುವುದು ಆಮೇಲೆ ಗೊತ್ತಾಗುತ್ತದೆ. ನಾವು ಕಪಾಟಿನೊಳಗೆ ಝೀರೋ ಕ್ಯಾಂಡಲ್ ಬಲ್ಬು ಉರಿಸಿ, ಸಿಲಿಕಾ ಜೆಲ್ ಪೊಟ್ಟಣ ಸುತ್ತ ಇಡುತ್ತೇವೆ. ಬೂಷ್ಟಿಗೆ ಕತ್ತಲು, ತೇವ, ಅಲುಗದ ಗಾಳಿ ಇಷ್ಟ. ಹೀಗಾಗಿ ದಿನಾ ಪರ್ಸಿನಲ್ಲಿ ಓಡಾಡುವ ಚಿಕ್ಕದು ಬಚಾವು, ಮುತುವರ್ಜಿಯಿಂದ ಮುಚ್ಚಿಟ್ಟ ದೊಡ್ಡದಕ್ಕೇ ಕಾಟ.

ಇಲ್ಲಿಯವರೆಗೆ ಹೇಳಿದ್ದು ಬೆಟ್ಟ, ಹೂವು, ಕಲ್ಲು. ಅವಕ್ಕೆ ಯಾವ ಕ್ಯಾಮೆರಾ ಆದರೇನು, ನಿಂತ ಹಾಗೇ ನಿಂತಿರುತ್ತವೆ. ಮನುಷ್ಯರ ಮುಂದೆ ಹಿಡಿದಾಗಲೇ ಇವೆರಡರ ಜಾತಕ ತಿಳಿಯುವುದು.

ದೊಡ್ಡ ಕ್ಯಾಮೆರಾ ಒಳಗೆ ಬಂದರೆ ಮನೆಗೆ ಬೀಗರು ಬಂದ ಹಾಗೆ. ಮಲಗಿದ್ದವರು ಎದ್ದು ಕೂರುತ್ತಾರೆ, ಕೂತವರು ಸೆರಗು ಸರಿಮಾಡಿಕೊಳ್ಳುತ್ತಾರೆ, ಮಕ್ಕಳಿಗೆ ಮೂಗು ಒರೆಸುತ್ತಾರೆ, ಹೊಟ್ಟೆ ಇದ್ದವರು ಉಸಿರು ಹಿಡಿಯುತ್ತಾರೆ. ಗೃಹಪ್ರವೇಶಕ್ಕೆ ಹೋದರೆ "ಫೋಟೋದವರು ಬಂದ್ರು" ಎಂದು ಪುರೋಹಿತರು ಕೂಡ ಪೂರ್ಣಾಹುತಿಯ ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದು ನನ್ನ ಕಡೆ ನೋಡುತ್ತಾರೆ. ಒಮ್ಮೆ ದೊಡ್ಡದನ್ನು ಒಯ್ದೆವೋ, ಆ ಮನೆಗೆ ನಾವು ನೆಂಟರಲ್ಲ. ಊಟಕ್ಕೆ ಕರೆಯುವುದೂ ಕೊನೆಯ ಪಂಕ್ತಿಗೆ. ಬ್ಯಾಟರಿ ಮುಗಿಯಿತೆಂದು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಕಂಪನಿ ಲೆಕ್ಕದಲ್ಲಿ ಡಿ90 ಒಂದು ಚಾರ್ಜಿಗೆ 850 ಫೋಟೋ ತೆಗೆಯುತ್ತದೆ, ಎಸ್95 ಇನ್ನೂರರ ಆಸುಪಾಸಿಗೆ ಕೈಯೆತ್ತುತ್ತದೆ. ಸಮಾರಂಭಗಳಲ್ಲಿ ಈ ಇನ್ನೂರು ನನಗೆ ವರವಾಗಿ ಕಂಡಿದೆ.

ಚಿಕ್ಕದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಾ ಊರ ಸುದ್ದಿ ಮಾತಾಡುತ್ತಿದ್ದವರು ಮಾತಾಡುತ್ತಲೇ ಇರುತ್ತಾರೆ. ಮುಖದ ಮೇಲಿನ ನಗು, ಸಿಟ್ಟು, ಹೊಟ್ಟೆಕಿಚ್ಚು ಎಲ್ಲ ಇದ್ದ ಹಾಗೇ ಸಿಗುತ್ತದೆ. ಈಗ ಮದುವೆಗಳಲ್ಲಿ ಇದಕ್ಕೇ ಕ್ಯಾಂಡಿಡ್ ಎಂದು ಹೆಸರಿಟ್ಟು ಬೇರೆ ರೇಟು ಹಾಕುತ್ತಾರೆ. "ಮೇಡಂ, ಕ್ಯಾಮೆರಾ ನೋಡ್ಬೇಡಿ, ಹಂಗೇ ಆ ಕಡೆ ನೋಡಿ ನಗ್ತಾ ಇರಿ" ಎಂದು ಮದುಮಗಳಿಗೆ ಹೇಳಿಕೊಟ್ಟು ಕ್ಯಾಂಡಿಡ್ ತೆಗೆಸುವುದನ್ನು ಕಣ್ಣಾರೆ ನೋಡಿದ್ದೇನೆ. ಶೆಟ್ಟಿಹಳ್ಳಿಯ ಮುಳುಗು ಚರ್ಚಿನ ಹತ್ತಿರ ಹೋದರಂತೂ ಹೇಮಾವತಿ ಹಿನ್ನೀರಿನ ದಂಡೆಯಲ್ಲಿ ಇಂಥ ಜೋಡಿಗಳು ಸರದಿಗೆ ಕಾಯುತ್ತಿರುತ್ತವೆ, ಅಕಸ್ಮಾತ್ತಾಗಿ ನಗುವುದಕ್ಕೆ.

ಬಹಳ ದಿನ ನಾನೂ ಚಿಕ್ಕದರ ಪಕ್ಷದವಳೇ. ಆ ಪಕ್ಷದಲ್ಲಿ ನನಗೆ ಮೊದಲ ಅನುಮಾನ ಹುಟ್ಟಿದ್ದು ಹಾಸನದಲ್ಲಿ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಕೆಲವು ದಿನ ತೆರೆಯುತ್ತದೆ. ನಾದಿನಿಯ ಮನೆ ಅಲ್ಲೇ ಇರುವುದರಿಂದ ನಾವು ತಪ್ಪಿಸುವುದಿಲ್ಲ. ಹೊರಗೆ ರಸ್ತೆಯುದ್ದಕ್ಕೂ ಸರತಿ ಸಾಲು, ಗಂಟೆಗಟ್ಟಲೆ. ನನ್ನ ಮುಂದೆ ಒಬ್ಬ ಹೆಂಗಸು ಬ್ಯಾರಿಕೇಡಿನ ಕೊಳವೆಗೆ ಹಣೆ ಹಚ್ಚಿ ನಿಂತಲ್ಲೇ ನಿದ್ದೆ ಹೋಗಿದ್ದಳು. ಮುಡಿದ ಕನಕಾಂಬರ ಒಂದು ಕಡೆಗೆ ಜಾರಿತ್ತು, ಸೊಂಟದ ಮೇಲಿನ ಮಗು ಅವಳ ಸರ ಹಿಡಿದು ಎಚ್ಚರವಾಗಿತ್ತು. ಚಿಕ್ಕದನ್ನು ತೆಗೆದು ಒತ್ತಿದೆ, ಸದ್ದೂ ಆಗಲಿಲ್ಲ. ನೋಡಿದವರೆಲ್ಲ ಹೊಗಳಿದ ಫೋಟೋ ಅದು. ಮಗು ಮಾತ್ರ ಫೋಟೋದಿಂದ ನನ್ನನ್ನೇ ನೋಡುತ್ತಿದೆ, ನಮ್ಮಮ್ಮನನ್ನು ಕೇಳಿದ್ಯಾ ಅನ್ನುವ ಹಾಗೆ. ದೊಡ್ಡದನ್ನು ಎತ್ತಿದ್ದರೆ ಅಕ್ಕಪಕ್ಕದವರೇ ಅವಳನ್ನು ತಟ್ಟಿ ಎಬ್ಬಿಸುತ್ತಿದ್ದರು. ಅವಳು ಹೂವು ಸರಿಮಾಡಿಕೊಂಡು, ಬೇಕಾದರೆ ನಿಂತು, ಬೇಡವಾದರೆ ಮುಖ ತಿರುಗಿಸುತ್ತಿದ್ದಳು. ದೊಡ್ಡ ಕ್ಯಾಮೆರಾದ ಗದ್ದಲವೇ ಒಂದು ರೀತಿಯಲ್ಲಿ ಬಾಗಿಲು ತಟ್ಟುವುದು. ಚಿಕ್ಕದು ಹಿತ್ತಿಲಿನಿಂದ ಬರುತ್ತದೆ. ಈಗಿನ ಫೋನುಗಳಂತೂ ಬರುವುದೇ ತಿಳಿಯುವುದಿಲ್ಲ.

ಫೋನು ಎಂದಾಗ ನೆನಪಾಯಿತು, ಚಿಕ್ಕದನ್ನು ಮೂಲೆಗೆ ತಳ್ಳಿದ್ದು ದೊಡ್ಡದಲ್ಲ, ಫೋನು. 2010ರಲ್ಲಿ ಜಪಾನಿನ ಕಂಪನಿಗಳೆಲ್ಲ ಸೇರಿ 12 ಕೋಟಿಗೂ ಮೇಲೆ ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಕಳಿಸಿದ್ದವು, ಹೆಚ್ಚಿನವು ಈ ಚಿಕ್ಕ ಜಾತಿಯವೇ. ಹತ್ತು ವರ್ಷದಲ್ಲಿ ದೊಡ್ಡವು ಚಿಕ್ಕವು ಸೇರಿದ ಲೆಕ್ಕ ಒಂದು ಕೋಟಿಗಿಂತ ಕೆಳಗಿಳಿಯಿತು. ದೊಡ್ಡದರ ಮನೆಯಲ್ಲೂ ಈಗ ಕನ್ನಡಿ ಕಿತ್ತುಹಾಕಿದ ಮಿರರ್‌ಲೆಸ್‌ಗಳದ್ದೇ ದರಬಾರು. ಹಾಗೆಂದು ಚಿಕ್ಕದರ ಕಥೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿ, "ಚಿಕ್ಕಿ, ನಿಮ್ಮ ಹತ್ರ ಹಳೇ ಡಿಜಿಕ್ಯಾಮ್ ಇದೆಯಲ್ಲ, ಸಿಸಿಡಿದು, ನಂಗೆ ಕೊಡ್ತೀರಾ?" ಅಂದಳು. ಸಿಸಿಡಿ ಎಂದರೆ ಹಳೆಯ ಬಗೆಯ ಸೆನ್ಸರ್. ಈಗಿನ ಮಕ್ಕಳಿಗೆ ಅದರ ಬಣ್ಣ, ಫ್ಲಾಶ್ ಹೊಡೆದಾಗ ಮುಖ ಬೆಳ್ಳಗಾಗಿ ಹಿಂದೆಲ್ಲ ಕತ್ತಲಾಗುವುದು, ಇದೇ ಬೇಕಂತೆ. ನಾವು ಇಷ್ಟು ವರ್ಷ ಯಾವುದನ್ನು ತಪ್ಪಿಸಲು ಹೆಣಗಿದೆವೋ ಅದು. ಬೇಕಾದರೆ ದೊಡ್ಡದನ್ನು ತಗೊಂಡು ಹೋಗು ಅಂದೆ. "ಅಯ್ಯೋ, ಅದನ್ನ ಯಾರು ಹೊರ್ತಾರೆ ಚಿಕ್ಕಿ" ಅಂದಳು.

ಈ ವಾದದಲ್ಲಿ ನಮ್ಮತ್ತೆಯವರ ಪಕ್ಷ ಯಾವುದೆಂದು ಹೇಳಲೇಬೇಕು. ನೆಂಟರೊಬ್ಬರ ವೈಕುಂಠ ಸಮಾರಾಧನೆಗೆ ಹೋಗಿ ಬಂದ ಸಂಜೆ ಅವರು ಕಾಫಿ ಲೋಟ ಕೆಳಗಿಟ್ಟು, "ನಂದೊಂದು ಫೋಟೋ ತೆಗಿಯೇ" ಅಂದರು. ಅಲ್ಲಿ ಹಾರ ಹಾಕಿಟ್ಟಿದ್ದ ಫೋಟೋ ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದಂತೆ. ಮುಖ ಒಡೆದುಹೋಗಿದೆ, ಹೆಗಲ ಮೇಲೆ ಇನ್ಯಾರದ್ದೋ ನಾಲ್ಕು ಬೆರಳಿದೆ. "ಎಂಥ ಮನುಷ್ಯ, ಪಾಪ. ಕೊನೆಗೆ ಯಾರದ್ದೋ ಕೈ ಹೆಗಲ ಮೇಲೆ ಇಟ್ಕೊಂಡು ಗೋಡೆ ಮೇಲೆ ನಿಂತ್ರು. ನಂಗೆ ಹಂಗಾಗಬಾರದು."

ಇವರು, "ಏನಮ್ಮಾ ಅಪಶಕುನ, ಸಂಜೆ ಹೊತ್ತು" ಅಂದರು.

"ನಿನ್ನನ್ನ ಕೇಳ್ಲಿಲ್ಲ" ಅಂದರು ಅತ್ತೆ.

ನಾನು ಪರ್ಸಿನಿಂದ ಚಿಕ್ಕದನ್ನು ತೆಗೆದೆ. ಅವರು ಅದನ್ನೊಮ್ಮೆ ನೋಡಿ, "ಅದ್ರಲ್ಲಿ ಬೇಡ. ದೊಡ್ಡದ್ರಲ್ಲೇ ತೆಗಿ. ಇವತ್ತಲ್ಲ, ನಾಳೆ ಬೆಳಿಗ್ಗೆ" ಅಂದರು.

ಬೆಳಿಗ್ಗೆ ಹಸಿರು ಮೈಸೂರು ಸಿಲ್ಕ್ ಉಟ್ಟು, ತಲೆ ಬಾಚಿ, ಲಾಕರಿನಿಂದ ತರಿಸಿಟ್ಟ ಬೆಂಡೋಲೆ ಹಾಕಿಕೊಂಡು ಜಗುಲಿಯ ಕುರ್ಚಿಯಲ್ಲಿ ಕೂತರು. ಎದುರಿನಿಂದ ಎಳೆಬಿಸಿಲು, ಬೆನ್ನ ಹಿಂದೆ ತೆರೆದ ಬಾಗಿಲಿನ ಕತ್ತಲು. ನಾನು 50ರ ಲೆನ್ಸ್ ಹಾಕಿ ಮಂಡಿಯೂರಿದೆ. ನಗಬೇಕೋ ಬೇಡವೋ ಎಂದು ಕೇಳಿದರು. ನಿಮ್ಮಿಷ್ಟ ಅಂದೆ. "ನಕ್ಕರೆ ಹೋಗಿದ್ದಕ್ಕೆ ಖುಷಿಯಾಗಿದೆ ಅಂದ್ಕೋತಾರೆ. ನಗದಿದ್ರೆ ಸೊಸೆ ಚೆನ್ನಾಗಿ ನೋಡ್ಕೊಳ್ಳಲಿಲ್ಲ ಅಂತಾರೆ." ಸ್ವಲ್ಪ ಹೊತ್ತು ಯೋಚಿಸಿ ಎರಡರ ನಡುವಿನ ಒಂದು ಮುಖ ಮಾಡಿದರು. ಕಿಂಡಿಯಲ್ಲಿ ನೋಡಿದಾಗ ನನಗೆ ಅವರು ಅಪರಿಚಿತರ ಹಾಗೆ ಕಂಡರು. ದಿನವೂ ಕರಿಬೇವಿಗೆ, ಹಾಲಿನವನಿಗೆ, ನಾಯಿಗೆ ಬೈಯುವ ಮುಖವೇ ಅದು. ಆದರೆ ನನ್ನನ್ನು ಹೀಗೆ ನೋಡಿ ಎಂದು ಅವರೇ ಆರಿಸಿ ಕೊಟ್ಟ ಮುಖ. ನಾಯಿಗೆ ಬೈಯುವಾಗ ಚಿಕ್ಕದರಲ್ಲಿ ತೆಗೆದದ್ದೊಂದು ನನ್ನ ಹತ್ತಿರ ಇದೆ, ಮನೆಮಂದಿಗೆಲ್ಲ ಅದೇ ಇಷ್ಟ. ಅತ್ತೆಗೆ ತೋರಿಸಿದಾಗ "ಇದ್ಯಾವ ಅವತಾರ, ಅಳಿಸು" ಅಂದಿದ್ದರು. ಗೋಡೆಯ ಮೇಲೆ ಯಾವ ಮುಖದಲ್ಲಿ ಇರಬೇಕೆನ್ನುವುದು ಅವರ ಹಕ್ಕು. ಕ್ಯಾಂಡಿಡ್‌ನವರು ಏನೇ ಹೇಳಲಿ.

ಪ್ರಿಂಟ್ ಬಂತು. ಕಣ್ಣಿನ ರೆಪ್ಪೆ ಒಂದೊಂದೂ ಎಣಿಸುವ ಹಾಗಿದೆ, ಹಿಂದಿನ ಬಾಗಿಲು ಕಾಣದಂತೆ ಕರಗಿದೆ. ಸ್ಟುಡಿಯೋದವರು ಮೆಚ್ಚಿ ತಮ್ಮ ಷೋಕೇಸಿಗೆ ಇನ್ನೊಂದು ಪ್ರತಿ ಕೇಳಿದರು. ಅತ್ತೆ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕಣ್ಣು ಬಂದಿದೆ. ಮೂಗು ಬಂದಿದೆ. ಬೆಂಡೋಲೆ ಎಲ್ಲಿ?"

ಬೆಂಡೋಲೆ ಇತ್ತು, ಎರಡು ಬೆಳ್ಳನೆಯ ಮಸುಕು ಚುಕ್ಕಿಗಳಾಗಿ. ಎಫ್1.8ಕ್ಕೆ ಅಷ್ಟು ಹತ್ತಿರದಿಂದ ತೆಗೆದರೆ ಕಣ್ಣು ಚೂಪಾದಾಗ ಕಿವಿ ಮಸುಕಾಗುತ್ತದೆ, ನಡುವೆ ಇರುವುದು ಮೂರು ನಾಲ್ಕು ಬೆರಳಗಲದ ಲೆಕ್ಕ. ಆ ಮಸುಕಿಗೇ ಜನ ಸಾವಿರಾರು ರೂಪಾಯಿ ಕೊಟ್ಟು ಲೆನ್ಸ್ ಕೊಳ್ಳುತ್ತಾರೆ ಎಂದೆಲ್ಲ ಹೇಳಿದೆ. "ನಮ್ಮಮ್ಮ ನಂಗೆ ಹಾಕಿದ್ದು ಇದು. ಇದು ಕಾಣ್ಲಿ ಅಂತಲೇ ಲಾಕರಿಂದ ತರಿಸಿದ್ದು" ಅಂದರು. ಸ್ವಲ್ಪ ತಡೆದು, "ಆ ಚಿಕ್ಕದ್ರಲ್ಲಿ ತೆಗೆದ್ರೆ ಎಲ್ಲ ಕಾಣುತ್ತಾ?" ಅಂದರು.

"ಕಾಣುತ್ತೆ ಅತ್ತೆ. ದೊಡ್ಡದ್ರಲ್ಲೂ ಲೆನ್ಸಿನ ಕಿಂಡಿ ಕಿರಿದು ಮಾಡಿದ್ರೆ..."

"ಕಿಂಡಿ ಗಿಂಡಿ ಬೇಡ. ಚಿಕ್ಕದ್ರಲ್ಲೇ ತೆಗಿ. ಆದ್ರೆ ದೊಡ್ಡದ್ದನ್ನ ಕುತ್ತಿಗೆಗೆ ಹಾಕ್ಕೊಂಡು ನಿಂತ್ಕೊ. ಸುಮ್ನೆ ಆ ಡಬ್ಬಿ ಹಿಡ್ಕೊಂಡು ನಿಂತ್ರೆ ನಂಗೆ ಮುಖ ಬರಲ್ಲ."

ಹಾಗೇ ತೆಗೆದೆವು. ಒಂದು ಕೆಜಿ ನೂರು ಗ್ರಾಂ ಕೊರಳಲ್ಲಿ ತೂಗುತ್ತಿತ್ತು, ಇನ್ನೂರು ಗ್ರಾಂ ಕೈಯಲ್ಲಿತ್ತು. ಬೆಂಡೋಲೆಯ ಹರಳುಗಳೆಲ್ಲ ಬಂದಿವೆ, ಹಿಂದಿನ ಬಾಗಿಲು, ಬಾಗಿಲಿನ ತೋರಣ, ತೋರಣದ ಒಣಗಿದ ಎಲೆಯೂ ಬಂದಿದೆ. ಅದನ್ನೇ ಫ್ರೇಮು ಹಾಕಿಸಿ ದೇವರಮನೆ ಪಕ್ಕದ ಶೆಲ್ಫಿನಲ್ಲಿ ಇಟ್ಟುಕೊಂಡಿದ್ದಾರೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ, ಸೊಸೆ ದೊಡ್ಡ ಕ್ಯಾಮೆರಾದಲ್ಲಿ ತೆಗೆದದ್ದು ಅಂತ.